ಷೋಕೇಸಿನಲ್ಲಿ ಬೆಂದ ವೈನ್: ಮನೆಯ ಸಂಗ್ರಹದ ದೋಷ ಪತ್ತೆ ಮಾಡುವ ಬಗೆ

2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆ ದಿನ ನಮ್ಮ ಮನೆಯ ಹಾಲ್‌ನಲ್ಲಿ, ಪಶ್ಚಿಮದ ಕಿಟಕಿಗೆ ಎದುರಾಗಿದ್ದ ಗಾಜಿನ ಷೋಕೇಸಿನೊಳಗೆ, ಎರಡು ಹ್ಯಾಲೊಜನ್ ದೀಪಗಳ ಕೆಳಗೆ ಹನ್ನೊಂದು ಬಾಟಲಿ ವೈನ್ ಆರತಕ್ಷತೆಯ ವೇದಿಕೆಯ ಮೇಲಿನ ಮದುಮಕ್ಕಳಂತೆ ನಿಂತಿದ್ದವು. ಜೂನ್‌ನಲ್ಲಿ ಮೊದಲನೆಯದನ್ನು ತೆರೆದಾಗ, ಹೆಚ್ಚಿಟ್ಟು ಮರೆತ ಸೇಬಿನ ವಾಸನೆ ಬಂತು. ಮಾರಿದವನು ಹಳೆಯ ಸರಕು ದಾಟಿಸಿದ ಎಂದು ಬೈದುಕೊಂಡೆ. ಎರಡನೆಯದು ಬೇರೆ ಅಂಗಡಿಯದು. ಅದೂ ಹಾಗೆಯೇ ಇತ್ತು. ಮೂರನೆಯದರ ಕಾರ್ಕ್ ತಾನಾಗಿಯೇ ಅರ್ಧ ಬೆರಳು ಮೇಲೆದ್ದಿತ್ತು. ಆಗ ಅಂಗಡಿಯವರ ಮೇಲಿನ ಸಿಟ್ಟು ಇಳಿದು, ಷೋಕೇಸಿನೊಳಗೆ ಕೈಯಿಟ್ಟು ನೋಡಿದೆ. ಹಪ್ಪಳ ಒಣಗಿಸಬಹುದಾಗಿತ್ತು.

ಅಂದಿನಿಂದ ನನ್ನದು ಒಂದೇ ಹಟ. ತೋರಿಸಲು ಇಡುವ ಜಾಗ ಬೇರೆ, ಕಾಪಾಡಲು ಇಡುವ ಜಾಗ ಬೇರೆ. ಮನೆಯ ವೈನ್ ಸಂಗ್ರಹದಲ್ಲಿ ಕಾಣುವ ದೋಷಗಳಲ್ಲಿ ಹೆಚ್ಚಿನವು ಇವೆರಡನ್ನೂ ಒಂದೇ ಕಪಾಟಿನಲ್ಲಿ ಸಾಧಿಸಲು ಹೋದುದರ ಫಲ. ಉಳಿದವುಗಳಲ್ಲಿ ಅರ್ಧ ದೋಷಗಳೇ ಅಲ್ಲ. ನಾವು ಹೆದರಿ ಚೆಲ್ಲಿಬಿಡುತ್ತೇವೆ, ಅಷ್ಟೆ.

ಯಾವ ಲಕ್ಷಣ ಕಂಡರೂ ಮೊದಲು ಮಾಡಬೇಕಾದ್ದು

ಬಾಟಲಿ ಇರುವ ಜಾಗದ ಉಷ್ಣತೆಯನ್ನು ಅಳೆಯಿರಿ. ದಿನದ ಕನಿಷ್ಠ ಗರಿಷ್ಠಗಳನ್ನು ನೆನಪಿಟ್ಟುಕೊಂಡು ತೇವಾಂಶವನ್ನೂ ತೋರಿಸುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಾವಿರಾರು ರೂಪಾಯಿಯ ವೈನ್ ಫ್ರಿಜ್ಜಿನ ಆಸೆಗೆ ಬೀಳುವ ಮೊದಲು ಇದನ್ನು ಕೊಂಡು ಒಂದು ವಾರ ಬಾಟಲಿಗಳ ಪಕ್ಕದಲ್ಲಿ ಇಡಿ. ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ಖಾಲಿ ವೈನ್ ಬಾಟಲಿಗೆ ನೀರು ತುಂಬಿ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಥರ್ಮಾಮೀಟರನ್ನು ಅದರೊಳಗೆ ಇಳಿಬಿಡಿ. ಕಪಾಟಿನ ಗಾಳಿ ಗಂಟೆಗೊಂದು ಲೆಕ್ಕ ಹೇಳುತ್ತದೆ. ನೀರಿನ ಬಾಟಲಿ ವೈನಿಗೆ ತಗುಲುವ ಬಿಸಿಯನ್ನೇ ತೋರಿಸುತ್ತದೆ.

ಪುಸ್ತಕದ ಲೆಕ್ಕದಲ್ಲಿ 12ರಿಂದ 14 ಡಿಗ್ರಿ, ತೇವಾಂಶ ಶೇ 60ರಿಂದ 70. ನಮ್ಮ ಮನೆಗಳಲ್ಲಿ ಯಂತ್ರವಿಲ್ಲದೆ ಇದು ಸಾಧ್ಯವಿಲ್ಲ, ಅದಕ್ಕಾಗಿ ಕೊರಗುವುದೂ ಬೇಡ. ಉಷ್ಣತೆ ಇಪ್ಪತ್ತರ ಆಸುಪಾಸಿನಲ್ಲಿ ಹೆಚ್ಚು ಏರಿಳಿಯದೆ ನಿಂತರೆ ಒಂದೆರಡು ವರ್ಷದೊಳಗೆ ಕುಡಿಯುವ ವೈನಿಗೆ ಧಾರಾಳವಾಯಿತು. 25 ದಾಟಿ ತಿಂಗಳುಗಟ್ಟಲೆ ಇದ್ದರೆ ವೈನ್ ಬೇಗ ಮುದಿಯಾಗುತ್ತದೆ. 30 ದಾಟಿ ನಿಂತರೆ ಕೆಡಲು ಕೆಲವು ವಾರ ಸಾಕು. ಹಗಲು ಏರಿ ರಾತ್ರಿ ಇಳಿಯುವ ಆಟವೂ ಅಷ್ಟೇ ಕೆಟ್ಟದ್ದು, ಏಕೆಂದರೆ ಪ್ರತಿ ಸಲವೂ ವೈನ್ ಹಿಗ್ಗಿ ಕುಗ್ಗಿ ಕಾರ್ಕಿನ ಅಂಚಿನಿಂದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ಕಾರ್ಕ್ ಮೇಲೆದ್ದಿದೆ, ಬಾಟಲಿಯ ಕುತ್ತಿಗೆ ಅಂಟಂಟಾಗಿದೆ

ಇದು ಕಣ್ಣಿಗೆ ಬೀಳುವ ಲಕ್ಷಣಗಳಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. 750 ಮಿಲಿಲೀಟರ್ ವೈನ್ 15 ಡಿಗ್ರಿಯಿಂದ 35ಕ್ಕೆ ಏರಿದರೆ ನಾಲ್ಕೈದು ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಕಾರ್ಕಿನ ಕೆಳಗಿನ ಖಾಲಿ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಜಾಗ ಮುಗಿದ ಮೇಲೆ ವೈನ್ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ, ಇಲ್ಲವೇ ಅದರ ಪಕ್ಕದಿಂದ ಜಿನುಗುತ್ತದೆ.

ಬಾಟಲಿ ತೆರೆಯದೆಯೇ ಮಾಡಬಹುದಾದ ಪರೀಕ್ಷೆಗಳಿವೆ. ಕುತ್ತಿಗೆಯ ಮೇಲಿನ ಕವಚದ ತಲೆಯ ಮೇಲೆ ಬೆರಳಾಡಿಸಿ. ಉಬ್ಬಿದ್ದರೆ ಕಾರ್ಕ್ ಎದ್ದಿದೆ. ಆಮೇಲೆ ಕವಚವನ್ನು ಮೆಲ್ಲಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಸೋರಿಕೆ ಇಲ್ಲದಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಸೋರಿದ ವೈನ್ ಒಣಗಿ ಕವಚವನ್ನು ಗಾಜಿಗೆ ಅಂಟಿಸಿಬಿಡುತ್ತದೆ. ತಿರುಗದಿದ್ದ ಮಾತ್ರಕ್ಕೆ ತೀರ್ಪು ಕೊಡಬೇಡಿ. ಕೆಲವು ಕಂಪನಿಗಳ ಕವಚ ಹುಟ್ಟಿನಿಂದಲೇ ಬಿಗಿ. ಟಾರ್ಚ್ ಹಿಡಿದು ಕವಚದ ಕೆಳ ಅಂಚಿನಲ್ಲಿ ಒಣಗಿದ ಕೆಂಪು ಗೆರೆ ಇದೆಯೇ ಎಂದು ನೋಡಿ. ಇರುವೆ ಸಾಲು ಅಲ್ಲಿಗೇ ಹೋಗುತ್ತಿದ್ದರೆ ಟಾರ್ಚಿನ ಅಗತ್ಯವೂ ಇಲ್ಲ.

ಬಿಸಿಯೊಂದೇ ಕಾರಣವಲ್ಲ. ಯಾರೋ ಬೇಗ ತಣ್ಣಗಾಗಲಿ ಎಂದು ಫ್ರೀಜರಿನಲ್ಲಿಟ್ಟು ಮರೆತು, ಮತ್ತೆ ಕಪಾಟಿಗೆ ಸೇರಿಸಿದ್ದರೂ ಕಾರ್ಕ್ ಏಳುತ್ತದೆ. ಮನೆಯವರನ್ನು ನಯವಾಗಿ ವಿಚಾರಿಸಿ. ಮೂರನೆಯ ಕಾರಣ ಬಾಟಲಿಯೊಳಗೆ ಮತ್ತೆ ಶುರುವಾದ ಹುದುಗುವಿಕೆ. ಅದರ ಕಥೆ ಕೊನೆಯಲ್ಲಿದೆ, ಅಪಾಯವೂ ಅಲ್ಲೇ ಇದೆ.

ಎದ್ದ ಕಾರ್ಕನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಡಿ. ಬಾಟಲಿಯನ್ನು ತಂಪಾದ ಜಾಗಕ್ಕೆ ಒಯ್ದು ಕೆಲವೇ ದಿನಗಳಲ್ಲಿ ತೆರೆಯಿರಿ. ಬೆಂದ ವೈನಿಗೆ ಹಣ್ಣಿನ ತಾಜಾತನ ಹೋಗಿ, ಬೆಲ್ಲದ ಪಾಕದಲ್ಲಿ ಕುದಿಸಿದ ಒಣದ್ರಾಕ್ಷಿಯ ರುಚಿ ಬಂದಿರುತ್ತದೆ. ಆರೋಗ್ಯಕ್ಕೆ ಕೇಡಿಲ್ಲ, ಕುಡಿಯಲು ಸಂತೋಷವೂ ಇಲ್ಲ. ರುಚಿ ಸರಿಯಿದ್ದರೆ ನಿಮ್ಮ ಅದೃಷ್ಟ. ಆ ಕಂತಿನ ಉಳಿದ ಬಾಟಲಿಗಳನ್ನೂ ಇನ್ನು ಕಾಯಿಸದೆ ಮುಗಿಸಿ.

ಜಾಗ ಬದಲಿಸುವುದು ಪುಕ್ಕಟೆ ಪರಿಹಾರ. ಅಟ್ಟ ಬೇಡ, ಅಲ್ಲಿ ಮೇಲಿನ ತಾರಸಿಯ ಕಾವು ಇಳಿಯುತ್ತದೆ. ಅಡುಗೆಮನೆ, ಫ್ರಿಜ್ಜಿನ ತಲೆ, ಇನ್ವರ್ಟರಿನ ಪಕ್ಕ ಯಾವುದೂ ಬೇಡ. ಹೊರಗೋಡೆಗೆ ತಾಗದ ಬೀರುವಿನ ಕೆಳಗಿನ ಅರೆ, ಮೆಟ್ಟಿಲ ಕೆಳಗಿನ ಗೂಡು, ಉತ್ತರದ ಕೋಣೆಯ ಮಂಚದ ಕೆಳಗೆ, ಇವು ಒಳ್ಳೆಯ ಜಾಗಗಳು. ಮೀನಿನ ಅಂಗಡಿಯಲ್ಲಿ ಮಂಜುಗಡ್ಡೆ ತುಂಬಲು ಬಳಸುವಂಥ ದಪ್ಪ ಥರ್ಮೊಕೋಲ್ ಪೆಟ್ಟಿಗೆಯೊಂದನ್ನು ಹೊಸದಾಗಿ ತಂದು, ಬಾಟಲಿಗಳನ್ನು ಅದರಲ್ಲಿ ಮಲಗಿಸಿ ಮುಚ್ಚಳ ಹಾಕಿದರೆ ಹಗಲು ರಾತ್ರಿಯ ಏರಿಳಿತ ಬಹುಪಾಲು ತಗ್ಗುತ್ತದೆ. ಪೆಟ್ಟಿಗೆ ತಂಪು ಮಾಡುವುದಿಲ್ಲ, ಜಗ್ಗಾಟವನ್ನು ತಡೆಯುತ್ತದೆ, ಅಷ್ಟೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನಲ್ಲಿ ಹೆಚ್ಚಿನವರಿಗೆ ಇಷ್ಟು ಸಾಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಗೆ ಇದು ಸಾಲದು; ಅಲ್ಲಿರುವವರು ಮಾರ್ಚ್ ಒಳಗೆ ಸಂಗ್ರಹ ಖಾಲಿ ಮಾಡುವುದು ಅಥವಾ ಯಂತ್ರ ಕೊಳ್ಳುವುದು, ಎರಡೇ ದಾರಿ.

ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿತೋಟಗಳಿಗೆ ಹೋಗಿ ಬಾಟಲಿ ಕೊಂಡು, ಕಾರಿನ ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಎರಡು ಗಂಟೆ ಊಟಕ್ಕೆ ನಿಲ್ಲುವವರಿಗೆ ಒಂದು ಮಾತು. ಬಿಸಿಲಿಗೆ ನಿಂತ ಕಾರಿನೊಳಗೆ 50 ಡಿಗ್ರಿ ದಾಟಬಹುದು. ಮನೆಯ ಕಪಾಟನ್ನು ಪರೀಕ್ಷಿಸುವ ಮೊದಲು ಆ ಊಟವನ್ನು ನೆನಪಿಸಿಕೊಳ್ಳಿ.

ವೈನಿನ ಮಟ್ಟ ಇಳಿದಿದೆ, ಕಾರ್ಕ್ ಪುಡಿಪುಡಿಯಾಗುತ್ತಿದೆ

ಹೊರಗೆ ಅಂಟು ಇಲ್ಲ, ಆದರೂ ವೈನ್ ಕುತ್ತಿಗೆಯಿಂದ ಇಳಿದು ಬಾಟಲಿಯ ಹೆಗಲಿಗೆ ಬಂದಿದ್ದರೆ ಕಾರ್ಕ್ ಒಣಗಿ ಕುಗ್ಗಿರಬಹುದು. ಇಪ್ಪತ್ತು ವರ್ಷದ ಬಾಟಲಿಯಲ್ಲಿ ಸ್ವಲ್ಪ ಇಳಿತ ಸಹಜ. ಮೂರು ವರ್ಷದ್ದರಲ್ಲಿ ಸಹಜವಲ್ಲ.

ಮೊದಲು ನೋಡಬೇಕಾದ್ದು ಬಾಟಲಿ ನಿಂತಿತ್ತೋ ಮಲಗಿತ್ತೋ ಎಂಬುದನ್ನು. ನಿಜವಾದ ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಿ, ವೈನ್ ಕಾರ್ಕಿಗೆ ತಾಗುವಂತೆ ಇಡಬೇಕು. ತಿರುಪು ಮುಚ್ಚಳದ್ದಕ್ಕೆ ಈ ನಿಯಮವಿಲ್ಲ; ಭಾರತದ ವೈನುಗಳಲ್ಲಿ ಬಹಳಷ್ಟು ತಿರುಪು ಮುಚ್ಚಳದವು, ನಿಲ್ಲಿಸಿದರೂ ನಡೆಯುತ್ತದೆ. ವಿಸ್ಕಿ, ಬ್ರಾಂಡಿಗಳನ್ನು ಮಾತ್ರ ಎಂದೂ ಮಲಗಿಸಬೇಡಿ, ಅವುಗಳ ಕಡು ಮದ್ಯ ಕಾರ್ಕನ್ನು ತಿನ್ನುತ್ತದೆ. ಎಲ್ಲವನ್ನೂ ಒಂದೇ ರ‍್ಯಾಕಿನಲ್ಲಿ ಸಾಲಾಗಿ ಮಲಗಿಸಿ ಚಂದ ನೋಡುವವರನ್ನು ಕಂಡಿದ್ದೇನೆ.

ಎರಡನೆಯದು ಅಡುಗೆಮನೆಯ ಫ್ರಿಜ್. ಒಂದೆರಡು ತಿಂಗಳು ಅಲ್ಲಿಟ್ಟರೆ ತೊಂದರೆಯಿಲ್ಲ. ವರ್ಷಗಟ್ಟಲೆ ಇಟ್ಟರೆ ಅದರ ಒಣಗಾಳಿ ಕಾರ್ಕನ್ನು ಹೀರಿಬಿಡುತ್ತದೆ.

ಪುಡಿಯಾಗುವ ಕಾರ್ಕಿಗೆ ಸುರುಳಿ ತಿರುಪು ಹಾಕಿದರೆ ನಡುವೆ ತೂತಾಗಿ ಸುತ್ತಲಿನದು ಉಳಿಯುತ್ತದೆ. ಎರಡು ತೆಳು ಅಲಗುಗಳಿರುವ ಓಪನರನ್ನು ಕಾರ್ಕಿನ ಎರಡು ಬದಿಗೆ ಇಳಿಸಿ, ತಿರುಗಿಸುತ್ತಾ ಎಳೆಯುವುದು ಉತ್ತಮ. ಅದಿಲ್ಲದಿದ್ದರೆ ಕಾರ್ಕನ್ನು ಒಳಗೇ ತಳ್ಳಿ, ಶುಭ್ರವಾದ ಮಲ್ಲು ಬಟ್ಟೆಯಲ್ಲಿ ಸೋಸಿಕೊಳ್ಳಿ. ಕಾರ್ಕಿನ ಚೂರಿನಿಂದ ಏನೂ ಆಗುವುದಿಲ್ಲ. ಆದರೆ ಎಳೆಯುವಾಗ ಬಾಟಲಿಯ ಬಾಯಿಯ ಗಾಜು ಚೂರೇ ಚೂರು ಎದ್ದಿದ್ದರೂ ಅಲ್ಲಿಗೆ ನಿಲ್ಲಿಸಿ. ಸೋಸಿದರೆ ಸರಿಹೋಗುತ್ತದೆ ಎಂಬ ಲೆಕ್ಕಾಚಾರ ಬೇಡ. ಅದು ಎಷ್ಟೇ ಬೆಲೆಯದ್ದಾಗಿರಲಿ, ಚೆಲ್ಲಿ.

ತಳದಲ್ಲಿ ಗಾಜಿನ ಪುಡಿಯಂಥ ಹರಳು, ಕೆಸರಿನಂಥ ಗಸಿ

ದೋಷವಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ತಂಪಿನಲ್ಲಿ ಪೊಟ್ಯಾಸಿಯಮ್ ಜೊತೆ ಸೇರಿ ಹರಳುಗಟ್ಟುತ್ತದೆ. ನಮ್ಮ ಹುಣಸೆಹಣ್ಣಿನ ಹುಳಿಯೂ ಇದೇ ಆಮ್ಲದ್ದು. ಒಂದು ಹರಳನ್ನು ನಾಲಿಗೆಗೆ ಹಚ್ಚಿದರೆ ಹುಳಿ ಹತ್ತಿ ಕರಗುತ್ತದೆ, ಗಾಜು ಕರಗುವುದಿಲ್ಲ. ಆದರೂ ಗಾಜೆಂಬ ಅನುಮಾನವಿದ್ದರೆ ನಾಲಿಗೆಗೂ ಬೆರಳಿಗೂ ತಾಗಿಸದೆ ಬಿಸಿನೀರಿಗೆ ಹಾಕಿ ನೋಡಿ, ಹರಳಾದರೆ ಕರಗುತ್ತದೆ.

ಹಳೆಯ ಕೆಂಪು ವೈನಿನ ಗಸಿ ಬಣ್ಣ ಮತ್ತು ಒಗರಿನ ಅಂಶ ತಳಕ್ಕಿಳಿದದ್ದು. ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಕೊನೆಯ ಎರಡು ಬೆರಳು ಬಿಟ್ಟು ನಿಧಾನವಾಗಿ ಬಗ್ಗಿಸಿಕೊಳ್ಳಿ.

ತೆರೆದಾಗ ವಾಸನೆ ಸರಿಯಿಲ್ಲ

ಇಲ್ಲಿ ಮೂಗಿಗಿಂತ ದೊಡ್ಡ ಉಪಕರಣವಿಲ್ಲ. ಆದರೆ ಮೂಗು ಹೇಳಿದ್ದನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತೇವೆ.

ಮಳೆಗಾಲದಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ, ಮುಚ್ಚಿದ ಕೋಣೆಯ ಮುಗ್ಗಲು ವಾಸನೆ ಬಂದರೆ ಅದು ಕಾರ್ಕಿನ ದೋಷ. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಇದಕ್ಕೆ ಕಾರಣ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಹತ್ತುತ್ತದೆ. ಒಂದು ಬಾಟಲಿಯಲ್ಲಿ ಮಾತ್ರ ಹೀಗಾಗಿದ್ದರೆ ನಿಮ್ಮ ಕಪಾಟಿನ ತಪ್ಪಲ್ಲ, ಬಿಲ್ ಇದ್ದರೆ ಅಂಗಡಿಯವರನ್ನು ಕೇಳಿ. ಬೇರೆ ಬೇರೆ ಕಂಪನಿಯ ಬಾಟಲಿಗಳಲ್ಲೂ ಅದೇ ವಾಸನೆ ಬರುತ್ತಿದ್ದರೆ ಮಾತ್ರ ಮನೆಯತ್ತ ಅನುಮಾನದಿಂದ ನೋಡಬೇಕು. ಬೂಷ್ಟು ಹಿಡಿದ ಮರದ ರ‍್ಯಾಕನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯುವ ಅಭ್ಯಾಸ ಕೆಲವರಿಗಿದೆ. ಕ್ಲೋರಿನ್, ಮರ, ಬೂಷ್ಟು ಮೂರೂ ಸೇರಿದರೆ ಹುಟ್ಟುವುದು ಇದೇ ವಸ್ತು. ರ‍್ಯಾಕನ್ನು ಸಾಬೂನು ನೀರಿನಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿದರೆ ಸಾಕು.

ಹೆಚ್ಚಿಟ್ಟ ಸೇಬಿನ ವಾಸನೆ, ಬಿಳಿ ವೈನ್ ಜೇನಿನ ಬಣ್ಣಕ್ಕೆ ತಿರುಗಿರುವುದು, ಕೆಂಪು ವೈನಿನ ಅಂಚು ಇಟ್ಟಿಗೆ ಬಣ್ಣವಾಗಿರುವುದು, ಇವು ಗಾಳಿ ಸೇರಿದ ಗುರುತು. ಕಾರ್ಕ್ ಮೇಲೆದ್ದ, ಮಟ್ಟ ಇಳಿದ ವಿಭಾಗಗಳಿಗೆ ಮರಳಿ ಕಾರ್ಕನ್ನೂ ಉಷ್ಣತೆಯನ್ನೂ ನೋಡಿ. ಅವೆರಡೂ ಸರಿಯಿದ್ದರೆ ಬಾಟಲಿಗೆ ಸುಮ್ಮನೆ ವಯಸ್ಸಾಗಿದೆ. ಹಳೆಯದಾದಷ್ಟೂ ವೈನ್ ರುಚಿ ಎಂಬ ಮಾತನ್ನು ನಂಬಿ ಎಷ್ಟು ಬಾಟಲಿಗಳು ಹಾಳಾಗಿವೆಯೋ! ನಂದಿ ಕಣಿವೆಯದಿರಲಿ, ನಾಸಿಕದ್ದಿರಲಿ, ದಿನಬಳಕೆಯ ವೈನುಗಳಲ್ಲಿ ಹೆಚ್ಚಿನವು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದವು. ಹಿಂಬದಿಯ ಲೇಬಲ್ಲಿನಲ್ಲಿ ತಯಾರಿಕೆಯ ತಿಂಗಳನ್ನು ನೋಡಿಕೊಳ್ಳಿ.

ವಿನೆಗರ್ ಅಥವಾ ಉಗುರು ಬಣ್ಣ ಅಳಿಸುವ ದ್ರವದ ವಾಸನೆ ಬ್ಯಾಕ್ಟೀರಿಯಾದ ಕೆಲಸ. ತೆರೆದು ವಾರಗಟ್ಟಲೆ ಇಟ್ಟ ಬಾಟಲಿಗೆ ಹೀಗಾಗುವುದರಲ್ಲಿ ಆಶ್ಚರ್ಯವಿಲ್ಲ. ತೆರೆದದ್ದನ್ನು ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರರಿಂದ ಐದು ದಿನದೊಳಗೆ ಮುಗಿಸಬೇಕು.

ಇನ್ನೊಂದು ವಾಸನೆಯ ಬಗ್ಗೆ ನಮ್ಮವರಿಗೇ ಹೇಳಬೇಕು. ದ್ರಾಕ್ಷಿ ಮಿಠಾಯಿಯಂಥ, ಜಾಮಿನಂಥ, ತುಸು ಕಸ್ತೂರಿ ಬೆರೆತಂಥ ಘಾಟು ಬಂದರೆ ವೈನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯ ಗುಣವೇ ಅದು. ಅಗ್ಗದ ಸಿಹಿ ವೈನುಗಳಲ್ಲಿ ಈ ದ್ರಾಕ್ಷಿ ಇರುತ್ತದೆ. ಇಷ್ಟವಾಗದಿದ್ದರೆ ಅದು ರುಚಿಯ ಪ್ರಶ್ನೆ, ಶೇಖರಣೆಯದ್ದಲ್ಲ.

ಮುಚ್ಚಿದ ಬಾಟಲಿಯ ಸೀಲ್ ಮೊದಲೇ ಒಡೆದಂತೆ ಕಂಡರೆ, ಅಥವಾ ಅದು ಎಲ್ಲಿಂದ ಬಂತೆಂದೇ ಗೊತ್ತಿಲ್ಲದಿದ್ದರೆ ಮೂಗಿನ ಪರೀಕ್ಷೆಯೂ ಬೇಡ, ರುಚಿ ನೋಡುವುದಂತೂ ಬೇಡ. ಕಲಬೆರಕೆ ಮದ್ಯದ ಮೆಥನಾಲ್ ವಾಸನೆಯಿಂದ ಪತ್ತೆಯಾಗುವುದಿಲ್ಲ. ಅಂಥದ್ದನ್ನು ಕುಡಿದ ಮೇಲೆ ಕಣ್ಣು ಮಂಜಾದರೆ, ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಷೋಕೇಸಿನಲ್ಲಿದ್ದವು ಮಾತ್ರ ಕೆಡುತ್ತಿವೆ

ಬೀರುವಿನಲ್ಲಿದ್ದದ್ದು ಚೆನ್ನಾಗಿದೆ, ಹಾಲ್‌ನಲ್ಲಿ ಇಟ್ಟದ್ದು ಬೇಯಿಸಿದ ಎಲೆಕೋಸಿನ, ಒದ್ದೆ ಕಂಬಳಿಯ ವಾಸನೆ ಹೊಡೆಯುತ್ತಿದೆ ಎಂದರೆ ಬೆಳಕಿನ ಪೆಟ್ಟು. ನೇರಳಾತೀತ ಕಿರಣ ಮತ್ತು ನೀಲಿ ಬೆಳಕು ವೈನಿನಲ್ಲಿರುವ ರೈಬೊಫ್ಲೇವಿನ್ ಎಂಬ ವಿಟಮಿನ್ನನ್ನು ಕೆರಳಿಸಿ ಗಂಧಕದ ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಬಣ್ಣವಿಲ್ಲದ ಗಾಜಿನಲ್ಲಿ ಬರುವ ರೋಸೆ (ಗುಲಾಬಿ ಬಣ್ಣದ ವೈನ್), ಬಿಳಿ ಮತ್ತು ನೊರೆ ವೈನುಗಳಿಗೆ ಇದು ಬೇಗ ತಗುಲುತ್ತದೆ. ಕಡು ಹಸಿರು, ಕಂದು ಗಾಜು ಬಹಳಷ್ಟನ್ನು ತಡೆಯುತ್ತದೆ. ದುರದೃಷ್ಟವೆಂದರೆ ಷೋಕೇಸಿನಲ್ಲಿ ಎಲ್ಲಕ್ಕಿಂತ ಚಂದ ಕಾಣುವುದೂ ಆ ತಿಳಿ ಗುಲಾಬಿ ಬಾಟಲಿಯೇ.

ಹ್ಯಾಲೊಜನ್ ದೀಪ ತೆಗೆದು ಬಿಸಿ ಕಡಿಮೆ ಇರುವ ಹಳದಿ ಛಾಯೆಯ ಎಲ್‌ಇಡಿ ಹಾಕಿಸಿ, ಅತಿಥಿಗಳು ಬಂದಾಗ ಮಾತ್ರ ಉರಿಸಿ. ಕಿಟಕಿಗೆ ಪರದೆ ಎಳೆಯಿರಿ. ಇಷ್ಟಾದರೂ ನಾನು ಷೋಕೇಸಿನಲ್ಲಿ ಇಡುವುದು ಈ ತಿಂಗಳು ಕುಡಿಯುವವನ್ನು ಮತ್ತು ಕುಡಿದು ಮುಗಿಸಿದವನ್ನು ಮಾತ್ರ. ಖಾಲಿ ಬಾಟಲಿಗೆ ಕಾರ್ಕ್ ಹಾಕಿ ನಿಲ್ಲಿಸಿದರೆ ನೆಂಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಭಾವನವರಿಗೆ ಇನ್ನೂ ತಿಳಿದಿಲ್ಲ.

ವೈನ್ ಫ್ರಿಜ್ ತಣ್ಣಗಾಗುತ್ತಿಲ್ಲ

ರಿಪೇರಿಯವರಿಗೆ ಫೋನ್ ಮಾಡುವ ಮೊದಲು ನಿಮ್ಮದು ಯಾವ ಜಾತಿಯದೆಂದು ತಿಳಿದುಕೊಳ್ಳಿ. ಸದ್ದು ಕಡಿಮೆ, ಹಗುರ, ಹಿಂದೆ ಫ್ಯಾನ್ ಮಾತ್ರ ಇದೆ ಎಂದರೆ ಥರ್ಮೊಎಲೆಕ್ಟ್ರಿಕ್. ಅಡುಗೆಮನೆಯ ಫ್ರಿಜ್ಜಿನಂತೆ ಆಗಾಗ ಗುಂಯ್‌ಗುಟ್ಟಿ ನಿಲ್ಲುತ್ತದೆ ಎಂದರೆ ಕಂಪ್ರೆಸರ್.

ಥರ್ಮೊಎಲೆಕ್ಟ್ರಿಕ್ ಯಂತ್ರ ಕೋಣೆಗಿಂತ ಸುಮಾರು 10ರಿಂದ 15 ಡಿಗ್ರಿ ಮಾತ್ರ ಕೆಳಗಿಳಿಸಬಲ್ಲದು. ಕೋಣೆ 34 ಡಿಗ್ರಿ ಇದ್ದಾಗ ಒಳಗೆ 20 ಡಿಗ್ರಿ ತೋರಿಸಿದರೆ ಯಂತ್ರ ತನ್ನ ಪಾಡಿಗೆ ಸರಿಯಾಗಿಯೇ ದುಡಿಯುತ್ತಿದೆ. ಡಿಸೆಂಬರಿನಲ್ಲಿ ಸರಿಯಿದ್ದು ಏಪ್ರಿಲಿನಲ್ಲಿ ‘ಕೆಟ್ಟಿದೆ’ ಎಂಬ ದೂರುಗಳಲ್ಲಿ ಬಹಳಷ್ಟು ಇವೇ. ಅದನ್ನು ಮನೆಯ ತಂಪಾದ ಕೋಣೆಗೆ ಸರಿಸುವುದೇ ರಿಪೇರಿ. ಡಿಸೆಂಬರಿನಲ್ಲೂ ತಣ್ಣಗಾಗದಿದ್ದರೆ ಹಿಂದಿನ ಫ್ಯಾನ್ ತಿರುಗುತ್ತಿದೆಯೇ, ಅದರ ಜಾಲರಿಗೆ ದೂಳು ಮೆತ್ತಿದೆಯೇ ನೋಡಿ.

ಎರಡೂ ಬಗೆಗೆ ಹೊಂದುವ ಪರೀಕ್ಷೆಗಳಿವು, ಖರ್ಚಿಲ್ಲದವು. ಪ್ಲಗ್ ಗಟ್ಟಿಯಾಗಿ ಕೂತಿದೆಯೇ, ಮಕ್ಕಳು ಗುಂಡಿ ಒತ್ತಿ 18 ಡಿಗ್ರಿಗೆ ಇಟ್ಟಿದ್ದಾರೆಯೇ? ನಿನ್ನೆಯಷ್ಟೇ ಇಪ್ಪತ್ತು ಬಾಟಲಿ ತುಂಬಿದ್ದರೆ ಒಂದೆರಡು ದಿನ ಕಾಯಿರಿ, ಅಷ್ಟು ದ್ರವ ತಣ್ಣಗಾಗಲು ಹೊತ್ತು ಬೇಕು. ಹಿಂಬದಿಯಲ್ಲಿ ಗಾಳಿಯಾಡಲು ಒಂದು ಗೇಣಿಗೆ ಹತ್ತಿರದಷ್ಟು ಜಾಗವಿರಲಿ. ಮರದ ಕಪಾಟಿನೊಳಗೆ ಚೌಕಟ್ಟು ಮಾಡಿಸಿ ಕೂರಿಸಿದ್ದೀರಾ? ಬಿಸಿಗಾಳಿಯನ್ನು ಮುಂಭಾಗದಿಂದ ಬಿಡುವ ಮಾದರಿಗೆ ಮಾತ್ರ ಅದು ಒಗ್ಗುತ್ತದೆ. ಉಳಿದವು ತಮ್ಮ ಬಿಸಿಯಲ್ಲಿ ತಾವೇ ಬೇಯುತ್ತವೆ. ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿಯ ನೋಟನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸುಮ್ಮನೆ ಜಾರಿ ಬಂದರೆ ಅಲ್ಲಿ ತಂಪು ಸೋರುತ್ತಿದೆ. ರಬ್ಬರನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಒರೆಸಿ ಮತ್ತೆ ನೋಡಿ, ಎಷ್ಟೋ ಸಲ ಅಂಟಿದ ಕೊಳೆಯೇ ಅಪರಾಧಿ.

ಇನ್ನು ಕಿವಿಗೆ ಕೆಲಸ. ಕಂಪ್ರೆಸರ್ ಟಕ್ ಎಂದು ಶುರುವಾಗಿ, ಕೆಲವು ಕ್ಷಣ ಗುಂಯ್‌ಗುಟ್ಟಿ, ಮತ್ತೆ ಟಕ್ ಎಂದು ನಿಂತು, ಒಂದೆರಡು ನಿಮಿಷಕ್ಕೆ ಅದನ್ನೇ ಮಾಡುತ್ತಿದ್ದರೆ ಎರಡು ಕಾರಣಗಳಿರಬಹುದು. ಒಂದು, ಕರೆಂಟಿನ ವೋಲ್ಟೇಜ್ ಕಡಿಮೆ. ಸ್ಟೆಬಿಲೈಸರಿನಲ್ಲಿ 180ರ ಆಸುಪಾಸು ತೋರುತ್ತಿದ್ದರೆ ಫ್ರಿಜ್ ಆರಿಸಿಡಿ. ಇನ್ನೊಂದು, ಕಂಪ್ರೆಸರನ್ನು ಶುರುಮಾಡುವ ರಿಲೇ ಹೋಗಿದೆ. ಬಿಡಿಭಾಗ ದೊಡ್ಡ ಬೆಲೆಯದ್ದಲ್ಲ, ಆದರೆ ಹಾಕುವುದು ತಂತ್ರಜ್ಞರ ಕೆಲಸ. ಅಲ್ಲಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಕೊಡಬಲ್ಲದು. ಚೌಕಾಕಾರದ ತರಂಗ ಕೊಡುವ ಹಳೆಯ ಇನ್ವರ್ಟರಿಗೆ ಕಂಪ್ರೆಸರ್ ಸೇರಿಸಿದ್ದರೆ ಇಂದೇ ತೆಗೆಸಿ. ಕರೆಂಟ್ ಹೋಗಿ ಬಂದೊಡನೆ ಚಾಲೂ ಮಾಡದೆ ಐದು ನಿಮಿಷ ತಡೆಯಿರಿ.

ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಒಳಗಿನ ಹಿಂಗೋಡೆಯ ಒಂದು ಮೂಲೆಯಲ್ಲಷ್ಟೇ ಮಂಜು ಕಟ್ಟಿದೆ, ಉಳಿದೆಡೆ ಬೆಚ್ಚಗಿದೆ ಎಂದರೆ ಅನಿಲ ಸೋರಿರಬಹುದು. ನಿಮ್ಮ ಪರೀಕ್ಷೆ ಅಲ್ಲಿಗೆ ಮುಗಿಯಿತು. ಹೊಸ ಮಾದರಿಗಳಲ್ಲಿ ಬಹುಪಾಲು ಆರ್600ಎ, ಅಂದರೆ ಐಸೊಬ್ಯುಟೇನ್ ಇರುತ್ತದೆ. ಅದು ಹೊತ್ತಿಕೊಳ್ಳುವ ಅನಿಲ, ವಾಸನೆ ಬರಬೇಕೆಂದೇನೂ ಇಲ್ಲ. ಮಂಜನ್ನು ಚಾಕುವಿನಿಂದ ಕೆರೆಯುವುದು, ಗೋಡೆಗೆ ತೂತು ಕೊರೆಯುವುದು, ಹತ್ತಿರದಲ್ಲಿ ದೀಪ ಹಚ್ಚುವುದು ಬೇಡ. ಚಾಕು ತಗುಲಿ ಸುಯ್ ಎಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆದು ಹೊರಗೆ ನಡೆಯಿರಿ. ಮುಟ್ಟಿದಾಗ ಜುಮ್ಮೆನ್ನುವ ಫ್ರಿಜ್ಜನ್ನೂ ಹಾಗೆಯೇ ಬಿಡಬೇಡಿ. ಮೇನ್ ಆರಿಸಿ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ನೋಡಿಸಿ.

ರಿಪೇರಿಯವರು ಬರುವವರೆಗೆ ಬಾಗಿಲು ತೆರೆದು ತೆರೆದು ನೋಡಬೇಡಿ. ತುಂಬಿದ ಫ್ರಿಜ್ಜಿನ ಬಾಟಲಿಗಳು ಒಂದು ದಿನದಲ್ಲಿ ಹಾಳಾಗುವುದಿಲ್ಲ.

ಲೇಬಲ್ಲಿಗೆ ಬೂಷ್ಟು, ಅಂಚು ಕಿತ್ತು ಬರುತ್ತಿದೆ

ಮಂಗಳೂರು, ಕಾರವಾರ, ಮಡಿಕೇರಿಯವರ ಮಳೆಗಾಲದ ತೊಂದರೆ ಇದು. ವೈನಿಗೆ ಏನೂ ಆಗಿರುವುದಿಲ್ಲ. ಕವಚದೊಳಗೆ ಕಾರ್ಕಿನ ತಲೆಯ ಮೇಲೆ ಬೂಷ್ಟು ಕಂಡರೂ ಒದ್ದೆ ಬಟ್ಟೆಯಲ್ಲಿ ಒರೆಸಿ ತೆರೆಯಬಹುದು. ತೇವಾಂಶ ಶೇ 75 ದಾಟುತ್ತಿದ್ದರೆ ಕಪಾಟಿನಲ್ಲಿ ತೇವ ಹೀರುವ ಡಬ್ಬಿ ಇಡಿ, ಬಾಟಲಿಗಳನ್ನು ಗೋಡೆಯಿಂದ ಸರಿಸಿ. ಲೇಬಲ್ ಉಳಿಯಬೇಕೆಂದಿದ್ದರೆ ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಸುತ್ತಿ. ಗೋಡೆಯೇ ಒದ್ದೆಯಾಗಿದ್ದರೆ ಅದು ವೈನಿನ ಸಮಸ್ಯೆಯಲ್ಲ, ಪ್ಲಂಬರನ್ನು ಕರೆಯಿರಿ.

ರ‍್ಯಾಕ್ ಅಲುಗುತ್ತಿದೆ

ತುಂಬಿದ ಬಾಟಲಿಯೊಂದು ಸುಮಾರು 1.2ರಿಂದ 1.5 ಕಿಲೊ ತೂಗುತ್ತದೆ. ನಲವತ್ತು ಬಾಟಲಿಯೆಂದರೆ ಗೋಡೆಗೆ ಒಬ್ಬ ವಯಸ್ಕ ಜೋತುಬಿದ್ದ ಹಾಗೆ. ಮೊದಲು ಬಾಟಲಿಗಳನ್ನು ಇಳಿಸಿ, ಆಮೇಲೆ ತಿರುಪು ನೋಡಿ. ತಿರುಪಿನ ಸುತ್ತ ಗಾರೆಯ ಪುಡಿ ಉದುರಿದ್ದರೆ ಬಿಗಿಮಾಡಿ ಪ್ರಯೋಜನವಿಲ್ಲ, ಹಿಡಿತವೇ ಹೋಗಿದೆ. ಈಚಿನ ಅಪಾರ್ಟ್‌ಮೆಂಟುಗಳ ಹಗುರ ಬ್ಲಾಕ್ ಗೋಡೆಗೆ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಅದಕ್ಕೆಂದೇ ಬರುವ ಆ್ಯಂಕರ್ ಬೇಕು. ಜಿಪ್ಸಮ್ ಗೋಡೆಗಂತೂ ತೂಗುಹಾಕಲೇಬೇಡಿ. ಮರದ ರ‍್ಯಾಕಿನ ಕಾಲನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ಹಿಡಿದಿದೆ. ಮಂಚದ ಅಥವಾ ಸೋಫಾದ ಮೇಲ್ಗಡೆ ರ‍್ಯಾಕ್ ಇದ್ದರೆ, ಅದು ಎಷ್ಟೇ ಗಟ್ಟಿಯಾಗಿರಲಿ, ಜಾಗ ಬದಲಿಸಿ.

ಅರವತ್ತು ಗೂಡಿನ ರ‍್ಯಾಕ್ ಮಾಡಿಸುವ ಮೊದಲು ಅಬಕಾರಿ ನಿಯಮಗಳನ್ನೂ ವಿಚಾರಿಸಿಕೊಳ್ಳಿ. ಪರವಾನಗಿ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯಕ್ಕೆ ಮಿತಿ ಇದೆ, ವೈನಿಗೂ ಇದೆ. ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಡಿ.

ಗುಳ್ಳೆ ಏಳುತ್ತಿದೆ, ಮುಚ್ಚಳ ಉಬ್ಬಿದೆ

ನೊರೆ ವೈನ್ ಅಲ್ಲದ್ದರಲ್ಲಿ ಗುಳ್ಳೆ ಕಂಡರೆ, ವೈನ್ ಮಬ್ಬಾಗಿದ್ದರೆ ಒಳಗೆ ಮತ್ತೆ ಹುದುಗುತ್ತಿದೆ. ಅಂಗಡಿಯ ವೈನಿನಲ್ಲಿ ಇದು ಅಪರೂಪ. ಕ್ರಿಸ್‌ಮಸ್ಸಿಗೆಂದು ಮನೆಯಲ್ಲಿ ಮಾಡಿದ, ಮಂಗಳೂರಿನ ಆಂಟಿಯರು ಪ್ರೀತಿಯಿಂದ ಕೊಡುವ ದ್ರಾಕ್ಷಿ ವೈನಿನಲ್ಲಿ ಸಾಮಾನ್ಯ. ಉಳಿದ ಸಕ್ಕರೆಯನ್ನು ಯೀಸ್ಟ್ ಮೇಯುತ್ತಾ ಹೋಗುತ್ತದೆ, ಅನಿಲಕ್ಕೆ ದಾರಿ ಇರುವುದಿಲ್ಲ. ಶಾಂಪೇನಿನಂಥ ವೈನಿನ ಒಳಗೆ ಐದಾರು ವಾಯುಭಾರದಷ್ಟು ಒತ್ತಡವಿರುತ್ತದೆ, ಅದಕ್ಕೆಂದೇ ಅದರ ಗಾಜು ದಪ್ಪ. ನೀವು ತೊಳೆದು ತುಂಬಿದ ಹಳೆಯ ಜ್ಯೂಸ್ ಬಾಟಲಿ ಅಂಥ ಒತ್ತಡಕ್ಕೆ ಹುಟ್ಟಿದ್ದಲ್ಲ.

ಅಂಥ ಬಾಟಲಿಯನ್ನು ಅಲ್ಲಾಡಿಸಬೇಡಿ, ಮುಖದ ಹತ್ತಿರ ಹಿಡಿದು ಬೆಳಕಿಗೆ ನೋಡಬೇಡಿ. ಮಕ್ಕಳನ್ನು ಕೋಣೆಯಿಂದ ಹೊರಗೆ ಕಳಿಸಿ. ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು, ಬಾಟಲಿಗೆ ಟವೆಲ್ ಸುತ್ತಿ ಫ್ರಿಜ್ಜಿಗೆ ಸೇರಿಸಿ, ಫ್ರೀಜರಿಗೆ ಅಲ್ಲ. ಒಂದು ದಿನ ತಣ್ಣಗಾದರೆ ಒತ್ತಡ ತಗ್ಗುತ್ತದೆ. ಆಮೇಲೆ ಟವೆಲ್ ಸಮೇತ ಬಚ್ಚಲಿಗೋ ಹಿತ್ತಲಿಗೋ ಒಯ್ದು, ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ ನಿಲ್ಲಿಸಿ. ಸುಯ್ಯೆನ್ನುವುದು ನಿಂತ ಮೇಲೆ ಇನ್ನಷ್ಟು. ಗಾಜಿನಲ್ಲಿ ಸೀಳು ಕಂಡರೆ ಮುಟ್ಟದೆ, ಮೇಲೆ ದಪ್ಪ ಕಂಬಳಿ ಹೊದಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬನ್ನಿ. ಆಂಟಿಯರಿಗೆ ಮಾತ್ರ ಬಹಳ ಚೆನ್ನಾಗಿತ್ತು ಎಂದೇ ಹೇಳಿ, ಮುಂದಿನ ವರ್ಷ ಮುಚ್ಚಳ ತುಸು ಸಡಿಲ ಇರಲಿ ಎಂದು ಸೇರಿಸಿ.